ಗೂಗಲ್ ಟ್ರೆಂಡ್ಸ್: ಹುಡುಕಾಟದ ಗೆರೆಯಲ್ಲಿ ಮತ ಕಾಣುತ್ತದೆಯೇ?

ಚುನಾವಣೆ ಹತ್ತಿರವಾಗುತ್ತಿದ್ದಂತೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಚಿತ್ರ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬಿಳಿ ಹಿನ್ನೆಲೆಯ ಮೇಲೆ ನೀಲಿ, ಕೆಂಪು, ಹಳದಿ ಗೆರೆಗಳು. ಅವುಗಳಲ್ಲಿ ಒಂದು ಮಾತ್ರ ಉಳಿದೆಲ್ಲವನ್ನೂ ಕೆಳಗೆ ಬಿಟ್ಟು ಮೇಲಕ್ಕೆ ಏರಿರುತ್ತದೆ. ಆ ಗೆರೆ ಸಾಮಾನ್ಯವಾಗಿ ದೊಡ್ಡ ಪಕ್ಷದ ಆಸರೆಯಿಲ್ಲದೆ ರಾಜಕೀಯಕ್ಕೆ ಹೊರಗಿನಿಂದ ಬಂದ ಅಭ್ಯರ್ಥಿಯೊಬ್ಬರದು, ಅದರ ಕೆಳಗೆ 'ಟಿ.ವಿ.ಯವರು ಇದನ್ನು ತೋರಿಸುವುದಿಲ್ಲ' ಎಂಬ ಧಾಟಿಯ ಒಕ್ಕಣೆಯೂ ಇರುತ್ತದೆ. ಈ ಚಿತ್ರ ಹುಟ್ಟುವುದು ಗೂಗಲ್ ಟ್ರೆಂಡ್ಸ್ ಎಂಬ ಉಚಿತ ಸೇವೆಯಲ್ಲಿ. ವ್ಯಾಪಾರಿಗಳಿಗೆ, ಪತ್ರಕರ್ತರಿಗೆ, ಸಂಶೋಧಕರಿಗೆ ಅದರಿಂದ ಹಲವು ಪ್ರಯೋಜನಗಳಿವೆ. ಇಲ್ಲಿ ಅದನ್ನು ಒಂದೇ ಕೆಲಸಕ್ಕೆ ಒರೆ ಹಚ್ಚಿ ನೋಡಲಾಗಿದೆ: ಹೊರಗಿನ ಅಭ್ಯರ್ಥಿಯೊಬ್ಬರ ಬಗ್ಗೆ ಅಂತರ್ಜಾಲದಲ್ಲಿ ಕಾಣುವ ಹುರುಪು ಮತಪೆಟ್ಟಿಗೆಯವರೆಗೂ ಬರುವಂಥದ್ದೇ ಎಂಬುದನ್ನು ಈ ಸೇವೆಯ ನೆರವಿನಿಂದ ತಿಳಿಯಬಹುದೇ?

ಸೇವೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ಹೇಳಬೇಕು, ಏಕೆಂದರೆ ಮುಂದಿನ ಗೊಂದಲಗಳೆಲ್ಲ ಹುಟ್ಟುವುದು ಅಲ್ಲಿಯೇ. 2006ರಲ್ಲಿ ಆರಂಭವಾದ ಈ ತಾಣದಲ್ಲಿ 2004ರಿಂದ ಇಂದಿನವರೆಗಿನ ಹುಡುಕಾಟದ ಮಾಹಿತಿ ಸಿಗುತ್ತದೆ. ಬಳಕೆದಾರರು ಐದು ಪದಗಳವರೆಗೆ ಒಟ್ಟಿಗೆ ಹೋಲಿಸಬಹುದು. ದೇಶ, ರಾಜ್ಯ, ಕಾಲಾವಧಿಗಳನ್ನು ಆರಿಸಿಕೊಳ್ಳಬಹುದು. ಸಾಮಾನ್ಯ ಹುಡುಕಾಟವೋ ಯೂಟ್ಯೂಬ್ ಹುಡುಕಾಟವೋ ಎಂಬುದನ್ನೂ ನಿಗದಿಪಡಿಸಬಹುದು. ಉತ್ತರವಾಗಿ ಬರುವ ಅಂಕಿ 0ಯಿಂದ 100ರ ನಡುವೆ ಇರುತ್ತದೆ. ಇದು ಹುಡುಕಿದವರ ಸಂಖ್ಯೆಯಲ್ಲ. ಆ ಪ್ರದೇಶದಲ್ಲಿ, ಆ ಹೊತ್ತಿನಲ್ಲಿ ನಡೆದ ಒಟ್ಟು ಹುಡುಕಾಟಗಳಲ್ಲಿ ಈ ಪದದ ಪಾಲು ಎಷ್ಟೆಂದು ಲೆಕ್ಕಹಾಕಿ, ಆರಿಸಿಕೊಂಡ ಅವಧಿಯಲ್ಲಿ ಅತಿ ಎತ್ತರಕ್ಕೆ ಹೋದ ಬಿಂದುವನ್ನು 100 ಎಂದು ಇಟ್ಟುಕೊಂಡು ಉಳಿದುದನ್ನು ಅದಕ್ಕೆ ತಕ್ಕಂತೆ ಇಳಿಸಿ ತೋರಿಸುವ ಸೂಚ್ಯಂಕ ಇದು. ಆದ್ದರಿಂದ 100 ಎಂದರೆ ಒಂದು ಕೋಟಿ ಜನವೂ ಇರಬಹುದು, ಕೆಲವೇ ಸಾವಿರ ಜನವೂ ಇರಬಹುದು. ಗೆರೆಯ ಎತ್ತರ ನೋಡಿ ಎದೆ ಉಬ್ಬಿಸಿಕೊಳ್ಳುವವರು ಈ ಒಂದು ಸಂಗತಿಯನ್ನು ಗಮನಿಸಿದ್ದರೂ ಅರ್ಧದಷ್ಟು ಚಿತ್ರಗಳು ಹಂಚಿಕೆಯಾಗದೆ ಉಳಿಯುತ್ತಿದ್ದವು.

ಈ ತಪ್ಪು ಬರಿಯ ಅಭಿಮಾನಿಗಳದ್ದಲ್ಲ. 2016ರ ಜೂನ್‌ನಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬರಲು ಮತ ಹಾಕಿದ ಮರುದಿನ, 'ಐರೋಪ್ಯ ಒಕ್ಕೂಟ ಎಂದರೇನು' ಎಂಬುದು ಒಕ್ಕೂಟದ ಬಗ್ಗೆ ಅಲ್ಲಿ ಹೆಚ್ಚು ಹುಡುಕಲ್ಪಟ್ಟ ಪ್ರಶ್ನೆಗಳಲ್ಲಿ ಒಂದೆಂದು ಗೂಗಲ್ ಟ್ರೆಂಡ್ಸ್ ಪ್ರಕಟಿಸಿತು. ತಾವು ಯಾವುದಕ್ಕೆ ಮತ ಹಾಕಿದೆವೆಂಬುದೇ ಬ್ರಿಟಿಷರಿಗೆ ಗೊತ್ತಿರಲಿಲ್ಲವೆಂದು ಜಗತ್ತಿನ ಪತ್ರಿಕೆಗಳು ಬರೆದವು. ಹಾಗೆ ಕೇಳಿದವರು ಮತ ಹಾಕಿದವರೋ ಹಾಕದವರೋ ಎಂಬುದನ್ನಾಗಲಿ, ಅವರು ಒಟ್ಟು ಎಷ್ಟು ಮಂದಿ ಎಂಬುದನ್ನಾಗಲಿ ಆ ಸೂಚ್ಯಂಕ ಹೇಳಿರಲಿಲ್ಲ. ಗೂಗಲ್ ತನ್ನ ಸಹಾಯ ಪುಟದಲ್ಲಿ ಇದು ವೈಜ್ಞಾನಿಕ ಜನಮತ ಸಮೀಕ್ಷೆಯಲ್ಲವೆಂದೂ, ಒಂದು ವಿಷಯದ ಗೆರೆ ಏರಿದ ಮಾತ್ರಕ್ಕೆ ಅದು ಜನಪ್ರಿಯವೆಂದಾಗಲಿ ಗೆಲ್ಲುತ್ತಿದೆಯೆಂದಾಗಲಿ ತಿಳಿಯಬಾರದೆಂದೂ ಸ್ಪಷ್ಟವಾಗಿಯೇ ಬರೆದುಕೊಂಡಿದೆ. ಆ ಎಚ್ಚರಿಕೆ ಗೆರೆಯ ಪಕ್ಕದಲ್ಲಿಯೇ ಇರಬೇಕಿತ್ತು. ಚಿತ್ರ ಒಂದು ಪುಟದಲ್ಲಿ, ಎಚ್ಚರಿಕೆ ಇನ್ನೊಂದು ಪುಟದಲ್ಲಿ ಇರುವುದರಿಂದ ಹಂಚಿಕೆಯಾಗುವಾಗ ಚಿತ್ರವಷ್ಟೇ ಹೊರಡುತ್ತದೆ.

ಸೇವೆಯನ್ನು ಪರೀಕ್ಷಿಸಲು ಅಮೆರಿಕದ ರಾನ್ ಪಾಲ್ ಅವರಿಗಿಂತ ಉತ್ತಮವಾದ ಉದಾಹರಣೆ ಸಿಗುವುದು ಕಷ್ಟ. ಟೆಕ್ಸಾಸ್‌ನಿಂದ ಸಂಸತ್ತಿಗೆ ಆಯ್ಕೆಯಾಗುತ್ತಿದ್ದ ಈ ವೈದ್ಯರು 1988ರಲ್ಲಿ ಲಿಬರ್ಟೇರಿಯನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ್ದರು. 2008ರ ಚುನಾವಣೆಗೆ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿತನ ಬಯಸಿದರು. ಇರಾಕ್ ಯುದ್ಧವನ್ನು ವಿರೋಧಿಸುತ್ತಿದ್ದ, ಫೆಡರಲ್ ರಿಸರ್ವ್ ಎಂಬ ಕೇಂದ್ರ ಬ್ಯಾಂಕೇ ಬೇಡವೆನ್ನುತ್ತಿದ್ದ ಅವರು ಸ್ವಂತ ಪಕ್ಷದಲ್ಲಿಯೇ ಹೊರಗಿನವರಾಗಿದ್ದರು. ಟ್ರೆಂಡ್ಸ್‌ನಲ್ಲಿ 2007ನೆಯ ಇಸವಿಯನ್ನೂ ಅಮೆರಿಕವನ್ನೂ ಆರಿಸಿಕೊಂಡು ರಾನ್ ಪಾಲ್ ಮತ್ತು ಜಾನ್ ಮೆಕೇನ್ ಅವರ ಹೆಸರುಗಳನ್ನು ಅಕ್ಕಪಕ್ಕ ಇಟ್ಟರೆ, ವರ್ಷದ ಬಹುಭಾಗ ಪಾಲ್ ಅವರ ಗೆರೆಯೇ ಮೇಲಿರುವುದು ಕಾಣುತ್ತದೆ. ಪಕ್ಷದ ಅಭ್ಯರ್ಥಿಯಾದವರು ಮೆಕೇನ್. ಆ ವರ್ಷದ ಬೇಸಿಗೆಯಲ್ಲಿ ಅವರ ಪ್ರಚಾರ ಕಚೇರಿಯ ಬೊಕ್ಕಸ ಬರಿದಾಗಿ, ಅವರ ಕಥೆ ಮುಗಿಯಿತೆಂದೇ ಎಲ್ಲರೂ ಬರೆದಿದ್ದರು.

ಪಾಲ್ ಬೆಂಬಲಿಗರ ಹುರುಪು ಹುಸಿಯೆಂದು ಹೇಳಲು ಮಾತ್ರ ಬರುವುದಿಲ್ಲ. 2007ರ ನವೆಂಬರ್ 5ರಂದು ಒಂದೇ ದಿನ ಅವರು ಅಂತರ್ಜಾಲದ ಮೂಲಕ 40 ಲಕ್ಷ ಡಾಲರ್‌ಗಿಂತ ಹೆಚ್ಚು ದೇಣಿಗೆ ಕೂಡಿಸಿದರು. ಡಿಸೆಂಬರ್ 16ರಂದು, ಬಾಸ್ಟನ್ ಚಹಾ ದಂಗೆಯ ವಾರ್ಷಿಕ ದಿನವನ್ನೇ ಆರಿಸಿಕೊಂಡು, ಸುಮಾರು 60 ಲಕ್ಷ ಡಾಲರ್ ಸೇರಿಸಿದರು. ಇದನ್ನು ಸಂಘಟಿಸಿದ್ದು ಪ್ರಚಾರ ಕಚೇರಿಯಲ್ಲ, ಹೊರಗಿನ ಉತ್ಸಾಹಿಗಳು. ವರ್ಷದ ಕೊನೆಯ ಮೂರು ತಿಂಗಳಲ್ಲಿ ಅವರಿಗೆ ಬಂದ ಹಣ ಸುಮಾರು 2 ಕೋಟಿ ಡಾಲರ್. ಬೇರೆ ಯಾವ ರಿಪಬ್ಲಿಕನ್ ಅಭ್ಯರ್ಥಿಗೂ ಆ ಅವಧಿಯಲ್ಲಿ ಅಷ್ಟು ದೇಣಿಗೆ ಬಂದಿರಲಿಲ್ಲ. ಅವರ ಹೆಸರು ಬರೆದ ವಾಯುನೌಕೆಯೊಂದನ್ನು ಆಕಾಶಕ್ಕೆ ಹಾರಿಸಲೂ ಬೆಂಬಲಿಗರು ಹಣ ಒಟ್ಟುಮಾಡಿದರು. ಬೆರಳ ತುದಿಯಲ್ಲಿ ಒತ್ತುವ ಮೆಚ್ಚುಗೆಗೆ ಖರ್ಚಿಲ್ಲ, ಜೇಬಿನಿಂದ ತೆಗೆದುಕೊಡುವ ಡಾಲರಿಗೆ ಖರ್ಚಿದೆ. ಹಣ ಕೊಟ್ಟವನ ನಿಷ್ಠೆಯನ್ನು ಅನುಮಾನಿಸುವುದು ನ್ಯಾಯವಲ್ಲ.

ಆದರೆ 2008ರ ಜನವರಿ 3ರಂದು ಅಯೋವಾ ರಾಜ್ಯದ ಕಾಕಸ್‌ನಲ್ಲಿ, ಎಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸಲು ಮತದಾರರು ಊರೂರಲ್ಲಿ ಸೇರುವ ಸಭೆಗಳಲ್ಲಿ, ಅವರಿಗೆ ಸಿಕ್ಕಿದ್ದು ಶೇ 10ರಷ್ಟು ಮತ, ಐದನೆಯ ಸ್ಥಾನ. ಐದು ದಿನಗಳ ನಂತರ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ 8ರಷ್ಟು, ಮತ್ತೆ ಐದನೆಯ ಸ್ಥಾನ. ನೆವಾಡದಲ್ಲಿ ಎರಡನೆಯವರಾದರೂ ಮೊದಲಿಗರಾದ ಮಿಟ್ ರಾಮ್ನಿಗೆ ಶೇ 51ರಷ್ಟು ಸಿಕ್ಕಿದಾಗ ಇವರಿಗೆ ಬಂದಿದ್ದು ಶೇ 14 ಮಾತ್ರ. ಟ್ರೆಂಡ್ಸ್‌ನ ಗೆರೆಯನ್ನು ನಂಬಿದವನಿಗೆ ಇದು ಒಗಟಾಗಿ ಕಾಣುತ್ತದೆ. ಅಂಕಿಗಳನ್ನು ಬಿಡಿಸಿ ನೋಡಿದವನಿಗೆ ಒಗಟೇನೂ ಇಲ್ಲ.

ಡಿಸೆಂಬರ್ 16ರಂದು ದೇಣಿಗೆ ಕೊಟ್ಟವರು ಸುಮಾರು 58 ಸಾವಿರ ಮಂದಿ. ಅವರನ್ನು ಐವತ್ತು ರಾಜ್ಯಗಳಿಗೆ ಸರಾಸರಿ ಹಂಚಿದರೆ ಒಂದು ರಾಜ್ಯಕ್ಕೆ ಬರುವುದು ಸಾವಿರದ ಚಿಲ್ಲರೆ ಜನ. ಅಯೋವಾದ ರಿಪಬ್ಲಿಕನ್ ಕಾಕಸ್‌ಗೆ ಆ ವರ್ಷ ಬಂದವರು ಸುಮಾರು 1.19 ಲಕ್ಷ. ಅಲ್ಲಿ ಗೆದ್ದ ಮೈಕ್ ಹಕಬಿಯವರಿಗೆ ಹಣದ ಬಲ ಅಷ್ಟಿರಲಿಲ್ಲ, ಅಯೋವಾದ ಇವ್ಯಾಂಜೆಲಿಕಲ್ ಚರ್ಚುಗಳ ಬಲವಿತ್ತು. ಒಂದೇ ರಾಜ್ಯದಲ್ಲಿ ಪರಸ್ಪರ ಪರಿಚಯವಿರುವ, ಚಳಿಗಾಲದ ರಾತ್ರಿ ಒಬ್ಬರನ್ನೊಬ್ಬರು ಕಾರಿನಲ್ಲಿ ಕೂರಿಸಿಕೊಂಡು ಸಭೆಗೆ ಹೋಗಬಲ್ಲ ಜನ ಅವರ ಹಿಂದಿದ್ದರು. ಪಾಲ್ ಅವರ ಜನ ದೇಶದ ಉದ್ದಗಲಕ್ಕೂ ಚದುರಿದ್ದರು. ಅಂತರ್ಜಾಲದ ಗುಣವೇ ಹೀಗೆ ಚದುರಿದವರನ್ನು ಒಂದೆಡೆ ಸೇರಿಸಿ ದೊಡ್ಡ ಗುಂಪಾಗಿ ತೋರಿಸುವುದು. ಚುನಾವಣೆಯ ಗುಣ ಅದೇ ಗುಂಪನ್ನು ಮತ್ತೆ ಊರೂರಿಗೆ, ಮತಗಟ್ಟೆ ಮತಗಟ್ಟೆಗೆ ಬಿಡಿಸಿ ಎಣಿಸುವುದು. ಟ್ರೆಂಡ್ಸ್ ಮೊದಲನೆಯದನ್ನು ಅಳೆಯುವ ಸಾಧನ. ಎರಡನೆಯದಕ್ಕೆ ಅದರ ಬಳಿ ಅಳತೆಗೋಲಿಲ್ಲ.

ಪಾಲ್ ಅವರ ಹೆಸರು ಅಷ್ಟೊಂದು ಹುಡುಕಾಟಕ್ಕೆ ಒಳಗಾಗಲು ಇನ್ನೊಂದು ಕಾರಣವೂ ಇತ್ತು. 2007ರ ಮೇ ತಿಂಗಳಲ್ಲಿ ದಕ್ಷಿಣ ಕ್ಯಾರೊಲಿನಾದಲ್ಲಿ ನಡೆದ ಚರ್ಚೆಯಲ್ಲಿ, ಸೆಪ್ಟೆಂಬರ್ 11ರ ದಾಳಿಗೂ ಮಧ್ಯಪ್ರಾಚ್ಯದಲ್ಲಿನ ಅಮೆರಿಕದ ಹಸ್ತಕ್ಷೇಪಕ್ಕೂ ಸಂಬಂಧವಿದೆಯೆಂದು ಅವರು ಹೇಳಿದಾಗ, ನ್ಯೂಯಾರ್ಕ್‌ನ ಮಾಜಿ ಮೇಯರ್ ರೂಡಿ ಜುಲಿಯಾನಿ ಮಾತು ಹಿಂತೆಗೆದುಕೊಳ್ಳುವಂತೆ ವೇದಿಕೆಯಲ್ಲಿಯೇ ಒತ್ತಾಯಿಸಿದರು. ಪಾಲ್ ಹಿಂತೆಗೆದುಕೊಳ್ಳಲಿಲ್ಲ. ಅಂದು ಟಿ.ವಿ. ನೋಡುತ್ತಿದ್ದವರು ಈತ ಯಾರು ಎಂದು ಹುಡುಕುವುದು ಸಹಜವೇ. ಜುಲಿಯಾನಿ ಯಾರೆಂದು ಯಾರೂ ಹುಡುಕಬೇಕಾಗಿರಲಿಲ್ಲ. ಮೆಕೇನ್ ಕೂಡ ಎಲ್ಲರಿಗೂ ಗೊತ್ತಿದ್ದವರು. ಹುಡುಕಾಟದ ಪ್ರಮಾಣ ಅಪರಿಚಿತರಿಗೆ ಅನುಕೂಲವಾಗಿ ವಾಲುತ್ತದೆ ಎಂಬ ಈ ಅಂಶ ಹೊರಗಿನ ಅಭ್ಯರ್ಥಿಯ ವಿಷಯದಲ್ಲಿ ಬಹಳ ಮುಖ್ಯವಾದುದು. ಗೊತ್ತಿಲ್ಲದ ಕಾರಣಕ್ಕೆ ಹುಡುಕಿದರೂ, ಒಪ್ಪಿದ ಕಾರಣಕ್ಕೆ ಹುಡುಕಿದರೂ, ಸಿಟ್ಟಿಗೆ ಹುಡುಕಿದರೂ ಗೆರೆ ಒಂದೇ ರೀತಿ ಏರುತ್ತದೆ. ಜಾತ್ರೆಗೆ ಬಂದವರೆಲ್ಲ ತೇರಿನ ಹಗ್ಗ ಹಿಡಿಯುವುದಿಲ್ಲ. ಟ್ರೆಂಡ್ಸ್ ಎಣಿಸುವುದು ಜಾತ್ರೆಗೆ ಬಂದವರನ್ನು.

ಆದರೂ ಅಂತರ್ಜಾಲದ ಇತರ ಅಳತೆಗಳ ಜೊತೆ ಹೋಲಿಸಿದರೆ ಈ ಸೇವೆಗೆ ಕೆಲವು ಅಂಕ ಹೆಚ್ಚಾಗಿಯೇ ಕೊಡಬೇಕು. ಸುದ್ದಿತಾಣಗಳು ಚರ್ಚೆಗಳ ನಂತರ ನಡೆಸುವ 'ನಿಮ್ಮ ಮತ ಯಾರಿಗೆ' ಎಂಬ ಒತ್ತುಗುಂಡಿಯ ಸಮೀಕ್ಷೆಗಳು ಇದಕ್ಕಿಂತ ಎಷ್ಟೋ ಕಳಪೆ. 2007ರ ಅಕ್ಟೋಬರ್‌ನಲ್ಲಿ ಸಿಎನ್‌ಬಿಸಿ ಇಂಥದೊಂದು ಸಮೀಕ್ಷೆ ನಡೆಸಿದಾಗ ಪಾಲ್ ಅವರಿಗೆ ಶೇ 75ರಷ್ಟು ಮತ ಬೀಳುತ್ತಿರುವುದನ್ನು ಕಂಡು, ಸಂಘಟಿತವಾಗಿ ಬಂದವರಿಂದ ಫಲಿತಾಂಶ ಕೆಟ್ಟಿತೆಂದು ಸಮೀಕ್ಷೆಯನ್ನೇ ತಾಣದಿಂದ ತೆಗೆದುಹಾಕಿತು. ಬೆಂಬಲಿಗರು ಸಹಜವಾಗಿಯೇ ಕೆರಳಿದರು. ನಿಯಮ ಮುರಿಯದೆ ಬಂದು ಮತ ಒತ್ತಿದವರನ್ನು ದೂರುವುದರಲ್ಲಿ ಅರ್ಥವಿರಲಿಲ್ಲ, ಅಂಥ ಸಮೀಕ್ಷೆಗೆ ಅರ್ಥವಿದೆಯೆಂದು ಮೊದಲಿಗೆ ನಂಬಿದ್ದೇ ತಪ್ಪು. ಟ್ರೆಂಡ್ಸ್ ಒಬ್ಬನೇ ವ್ಯಕ್ತಿ ಅಲ್ಪ ಸಮಯದಲ್ಲಿ ಮತ್ತೆ ಮತ್ತೆ ಮಾಡುವ ಹುಡುಕಾಟವನ್ನು ಲೆಕ್ಕದಿಂದ ತೆಗೆಯುತ್ತದೆ. ಹುಡುಕುವವನಿಗೆ ತಾನು ಯಾವುದೋ ಸ್ಪರ್ಧೆಯಲ್ಲಿ ಅಂಕ ಹಾಕುತ್ತಿದ್ದೇನೆಂಬ ಭಾವನೆಯೂ ಸಾಮಾನ್ಯವಾಗಿ ಇರುವುದಿಲ್ಲ. ಆ ಮಟ್ಟಿಗೆ ಇಲ್ಲಿ ಸಿಗುವ ಕುತೂಹಲ ನಿಜವಾದ ಕುತೂಹಲ.

ಪಾಲ್ ಅವರಿಗಿಂತ ಮೊದಲೇ ಈ ಪಾಠ ಹೊವಾರ್ಡ್ ಡೀನ್ ಅವರ ಮೂಲಕ ಸಿಕ್ಕಿತ್ತು. 2004ರ ಚುನಾವಣೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿತನ ಬಯಸಿದ್ದ ವರ್ಮಾಂಟ್‌ನ ಮಾಜಿ ಗವರ್ನರ್ ಡೀನ್ 2003ರಲ್ಲಿ, ಸಮಾನಾಸಕ್ತರ ಭೇಟಿಗಳನ್ನು ಏರ್ಪಡಿಸುವ ಮೀಟಪ್ ತಾಣದ ಮೂಲಕ ಲಕ್ಷಕ್ಕೂ ಮೀರಿ ಬೆಂಬಲಿಗರನ್ನು ಸೇರಿಸಿದರು. ಅದೇ ವರ್ಷದ ಜೂನ್‌ನಲ್ಲಿ ಡೆಮಾಕ್ರಟಿಕ್ ಒಲವಿನ ಮೂವ್‌ಆನ್ ಸಂಘಟನೆ ನಡೆಸಿದ ಅಂತರ್ಜಾಲ ಮತದಾನದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಜನರ ಪೈಕಿ ಶೇ 44ರಷ್ಟು ಮಂದಿ ಅವರನ್ನು ಆರಿಸಿದ್ದರು. 2004ರ ಜನವರಿ 19ರ ಅಯೋವಾ ಕಾಕಸ್‌ನಲ್ಲಿ ಜಾನ್ ಕೆರಿಗೆ ಶೇ 38, ಜಾನ್ ಎಡ್ವರ್ಡ್ಸ್‌ಗೆ ಶೇ 32, ಡೀನ್‌ಗೆ ಶೇ 18 ಬಂತು. 2020ರಲ್ಲಿ ಅದೇ ಪಕ್ಷದ ಅಭ್ಯರ್ಥಿತನ ಬಯಸಿದ್ದ ಉದ್ಯಮಿ ಆಂಡ್ರ್ಯೂ ಯಾಂಗ್ ಅವರ ಕಥೆಯೂ ಇದೇ ದಾರಿಯದು. ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ 3 ಕೂಡ ತಲುಪದೆ ಅಂದೇ ರಾತ್ರಿ ಅವರು ಕಣದಿಂದ ಹಿಂದೆ ಸರಿದರು.

ಇದಕ್ಕೆ ಎದುರಾಗಿ 2016ರ ಡೊನಾಲ್ಡ್ ಟ್ರಂಪ್ ಅವರನ್ನು ಮುಂದಿಡುವವರಿದ್ದಾರೆ. ಅವರ ಗೆರೆಯೂ ಎಲ್ಲರಿಗಿಂತ ಮೇಲಿತ್ತು, ಅವರು ಗೆದ್ದರು. ಹಾಗಾದರೆ ಟ್ರೆಂಡ್ಸ್ ಹೇಳಿದ್ದು ನಿಜವಾಯಿತಲ್ಲ ಎಂಬುದು ವಾದ. ವಾದದಲ್ಲಿ ಬಿಟ್ಟುಹೋಗಿರುವುದು ಏನೆಂದರೆ, 2015ರ ಜುಲೈ ಹೊತ್ತಿಗೇ ರಿಪಬ್ಲಿಕನ್ ಮತದಾರರ ಸಾಮಾನ್ಯ ಜನಮತ ಸಮೀಕ್ಷೆಗಳಲ್ಲಿಯೂ ಟ್ರಂಪ್ ಮುಂದಿದ್ದರು. ಅದನ್ನು ನಂಬದವರು ಪಂಡಿತರು, ಸಮೀಕ್ಷೆಗಳು ನಂಬಬೇಡಿ ಎಂದಿರಲಿಲ್ಲ. ಹುಡುಕಾಟವೂ ಸಮೀಕ್ಷೆಯೂ ಒಂದೇ ಮಾತು ಹೇಳಿದಾಗ ಟ್ರೆಂಡ್ಸ್‌ನಿಂದ ಹೊಸದಾಗಿ ತಿಳಿದದ್ದೇನೂ ಇಲ್ಲ. ಎರಡೂ ಬೇರೆ ಬೇರೆ ಮಾತು ಹೇಳಿದ ಪಾಲ್ ಪ್ರಸಂಗದಲ್ಲಿ ಸೋತದ್ದು ಅಂತರ್ಜಾಲದ ಅಳತೆಯೇ.

ಯಾವಾಗಲೂ ಹೀಗೆಯೇ ಆಗುತ್ತದೆ ಎಂದು ಬರೆದುಬಿಡಬಹುದಿತ್ತು, ರುಮೇನಿಯ ಇಲ್ಲದಿದ್ದರೆ. 2024ರ ನವೆಂಬರ್ 24ರಂದು ಅಲ್ಲಿ ನಡೆದ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತಿನಲ್ಲಿ, ಸಮೀಕ್ಷೆಗಳು ಗಂಭೀರವಾಗಿ ಪರಿಗಣಿಸದಿದ್ದ ಪಕ್ಷೇತರ ಕೆಲಿನ್ ಜಾರ್ಜೆಸ್ಕು ಶೇ 23ರಷ್ಟು ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಅವರ ಪ್ರಚಾರ ನಡೆದದ್ದು ಮುಖ್ಯವಾಗಿ ಟಿಕ್‌ಟಾಕ್‌ನಲ್ಲಿ. ಅಲ್ಲಿನ ಖಾತೆಗಳನ್ನು ಸಂಘಟಿತವಾಗಿ ಬಳಸಲಾಯಿತೆಂದು ಗುಪ್ತಚರ ದಾಖಲೆಗಳು ಹೊರಬಂದ ಮೇಲೆ ಡಿಸೆಂಬರ್ 6ರಂದು ಸಾಂವಿಧಾನಿಕ ನ್ಯಾಯಾಲಯ ಚುನಾವಣೆಯನ್ನೇ ರದ್ದುಗೊಳಿಸಿತು. ಹುರುಪನ್ನು ಹುಟ್ಟಿಸಿದ ರೀತಿ ಕೃತಕವೆಂದು ವಾದಿಸಬಹುದು, ಬಿದ್ದ ಮತಗಳು ಮಾತ್ರ ನಿಜವಾದ ಮತದಾರರು ಹಾಕಿದವು. ಇಡೀ ದೇಶವೇ ಒಂದು ಕ್ಷೇತ್ರವಾಗಿ, ಅಭ್ಯರ್ಥಿಗಳು ಹತ್ತಾರು ಮಂದಿಯಿದ್ದು, ಕಾಲು ಭಾಗಕ್ಕಿಂತ ಕಡಿಮೆ ಮತದಲ್ಲಿ ಮೊದಲಿಗರಾಗುವ ಅವಕಾಶವಿದ್ದಾಗ ಚದುರಿದ ಬೆಂಬಲಕ್ಕೂ ಬೆಲೆ ಬರುತ್ತದೆ. ಎಂದರೆ ಪ್ರಶ್ನೆಯ ಉತ್ತರ ಹುರುಪಿನ ಪ್ರಮಾಣದಲ್ಲಿ ಇರುವಷ್ಟೇ ಮತ ಎಣಿಸುವ ನಿಯಮದಲ್ಲಿಯೂ ಇದೆ. ಇನ್ನು ಟ್ರೆಂಡ್ಸ್ ಬಗ್ಗೆ ಹೇಳುವುದಾದರೆ, ಟಿಕ್‌ಟಾಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳ ಒಳಗೆ ನಡೆಯುವ ಹುಡುಕಾಟ, ಹಂಚಿಕೆಗಳು ಅದರ ಕಣ್ಣಿಗೆ ಬೀಳುವುದೇ ಇಲ್ಲ. ಯುವಜನರ ಒಲವು ಅಲ್ಲಿಗೆ ಸರಿದಷ್ಟೂ ಈ ಸೇವೆ ಹಿರಿಯರ ಕನ್ನಡಕವಾಗುತ್ತ ಹೋಗುವ ಸಾಧ್ಯತೆಯಿದೆ.

ಕರ್ನಾಟಕದ ಓದುಗರಿಗೆ ಈ ಸೇವೆ ಎಷ್ಟು ಉಪಯುಕ್ತ ಎಂಬ ಪ್ರಶ್ನೆಗೆ ಬಂದರೆ, ತೊಡಕುಗಳು ಇನ್ನೂ ಹೆಚ್ಚು. ಟ್ರೆಂಡ್ಸ್‌ನಲ್ಲಿ ಕರ್ನಾಟಕವನ್ನು ಆರಿಸಿಕೊಳ್ಳಬಹುದು, ನಗರವಾರು ವಿವರವೂ ಸಾಕಷ್ಟು ಹುಡುಕಾಟ ನಡೆದಿದ್ದರೆ ಸಿಗುತ್ತದೆ. ಲೋಕಸಭಾ ಕ್ಷೇತ್ರವಾಗಲಿ ವಿಧಾನಸಭಾ ಕ್ಷೇತ್ರವಾಗಲಿ ಸಿಗುವುದಿಲ್ಲ. ಬೆಂಗಳೂರು ಒಂದೇ ನಗರವಾಗಿ ಕಾಣುತ್ತದೆ, ಅದರೊಳಗಿನ ಉತ್ತರ, ದಕ್ಷಿಣ, ಕೇಂದ್ರ ಕ್ಷೇತ್ರಗಳು ಕಾಣುವುದಿಲ್ಲ. ಜೊತೆಗೆ ಈ ಸೇವೆ ನೋಡುವುದು ಹುಡುಕಿದವನು ಇರುವ ಜಾಗವನ್ನು, ಅವನ ಹೆಸರಿರುವ ಮತದಾರರ ಪಟ್ಟಿಯನ್ನಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡಿಕೊಂಡು ಮತ ಮಾತ್ರ ಹಾಸನದಲ್ಲೋ ಕಲಬುರಗಿಯಲ್ಲೋ ಉಳಿಸಿಕೊಂಡವರು ಎಷ್ಟು ಮಂದಿಯಿಲ್ಲ! ವಿದೇಶದಲ್ಲಿರುವ ಕನ್ನಡಿಗರಂತೂ ಊರಿನ ಅಭ್ಯರ್ಥಿಯ ಬಗ್ಗೆ ಉತ್ಸಾಹದಿಂದ ಹುಡುಕುತ್ತಾರೆ, ವಾದಿಸುತ್ತಾರೆ. ಭಾರತದ ಪೌರತ್ವ ಉಳಿಸಿಕೊಂಡು ಹೆಸರು ನೋಂದಾಯಿಸಿದವರೂ ಮತ ಹಾಕಬೇಕಾದರೆ ಖುದ್ದಾಗಿ ತಮ್ಮ ಮತಗಟ್ಟೆಗೆ ಬರಬೇಕು. ಭೌಗೋಳಿಕ ಆಯ್ಕೆಯಲ್ಲಿ 'ವಿಶ್ವಾದ್ಯಂತ' ಎಂದು ಬಿಟ್ಟು ತೆಗೆದ ಚಿತ್ರಗಳಲ್ಲಿ ಈ ಹುಡುಕಾಟಗಳೂ ಸೇರಿಕೊಂಡಿರುತ್ತವೆ.

ಬೆಂಗಳೂರು ಕೇಂದ್ರ ಕ್ಷೇತ್ರ ಇದಕ್ಕೆ ಒಳ್ಳೆಯ ಸಾಕ್ಷಿ. 2014ರಲ್ಲಿ ಆಮ್ ಆದ್ಮಿ ಪಕ್ಷದಿಂದ ಅಲ್ಲಿ ಸ್ಪರ್ಧಿಸಿದವರು ಇನ್ಫೊಸಿಸ್‌ನ ಮಾಜಿ ಅಧಿಕಾರಿ ವಿ. ಬಾಲಕೃಷ್ಣನ್. ದೆಹಲಿಯಲ್ಲಿ ಹಿಂದಿನ ಡಿಸೆಂಬರ್‌ನಲ್ಲಿ ಆ ಪಕ್ಷ 70ರಲ್ಲಿ 28 ಸ್ಥಾನ ಗೆದ್ದ ಹುರುಪು ದೇಶವ್ಯಾಪಿಯಾಗಿ ಹರಡಿತ್ತು. ಲೋಕಸಭೆಗೆ ನಾನೂರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ನಿಲ್ಲಿಸಿದ ಪಕ್ಷಕ್ಕೆ ದಕ್ಕಿದ್ದು ನಾಲ್ಕು ಸ್ಥಾನ, ನಾಲ್ಕೂ ಪಂಜಾಬಿನವು. ಬಾಲಕೃಷ್ಣನ್ ಅವರಿಗೆ ಸುಮಾರು 40 ಸಾವಿರ ಮತ ಬಂತು. 2019ರಲ್ಲಿ ಅದೇ ಕ್ಷೇತ್ರದಿಂದ ನಟ ಪ್ರಕಾಶ್ ರಾಜ್ ಪಕ್ಷೇತರರಾಗಿ ನಿಂತರು. ಅವರ ಮಾತುಗಳು ಜಾಲತಾಣಗಳಲ್ಲಿ ದೇಶದ ಮೂಲೆಮೂಲೆಗೂ ತಲುಪುತ್ತಿದ್ದವು. ಬಂದ ಮತ ಸುಮಾರು 29 ಸಾವಿರ, ಗೆದ್ದ ಪಿ.ಸಿ. ಮೋಹನ್ ಅವರಿಗೆ 6 ಲಕ್ಷಕ್ಕೂ ಹೆಚ್ಚು. ಚಲಾಯಿತ ಮತಗಳ ಆರನೆಯ ಒಂದು ಭಾಗ ಬರದಿದ್ದರೆ ಠೇವಣಿ ಹೋಗುತ್ತದೆಂಬ ನಿಯಮದಂತೆ ಅವರ ಠೇವಣಿಯೂ ಹೋಯಿತು. ಪ್ರಕಾಶ್ ರಾಜ್ ಎಂದು ಟ್ರೆಂಡ್ಸ್‌ನಲ್ಲಿ ನೋಡುವವನಿಗೆ ಚೆನ್ನೈ, ಹೈದರಾಬಾದ್‌ಗಳಲ್ಲಿ ಅವರ ಸಿನಿಮಾಗಳಿಗಾಗಿ ಹುಡುಕಿದವರೂ ಒಂದೇ ಗೆರೆಯಲ್ಲಿ ಬೆರೆತು ಕಾಣುತ್ತಾರೆ. ನಟನನ್ನೂ ಅಭ್ಯರ್ಥಿಯನ್ನೂ ಪೂರ್ತಿಯಾಗಿ ಬೇರ್ಪಡಿಸುವ ದಾರಿ ಆ ಸೇವೆಯಲ್ಲಿ ಇಲ್ಲ.

ಸರ್ಕಾರಿ ಕಚೇರಿಗಳಿಗೆ ಫೇಸ್‌ಬುಕ್ ನೇರಪ್ರಸಾರ ಹಚ್ಚಿಕೊಂಡೇ ನುಗ್ಗಿ ಲಂಚವನ್ನು ಪ್ರಶ್ನಿಸುತ್ತಿದ್ದ ಕರ್ನಾಟಕ ರಾಷ್ಟ್ರ ಸಮಿತಿಯನ್ನು ಮೆಚ್ಚಿದವರು ತಾಲ್ಲೂಕು ತಾಲ್ಲೂಕಿನಲ್ಲಿಯೂ ಇದ್ದರು, 2023ರ ವಿಧಾನಸಭಾ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಂದು ಸ್ಥಾನವೂ ಬರಲಿಲ್ಲ. ಮೆಚ್ಚುಗೆ ಸುಳ್ಳಾಗಿತ್ತೆಂದು ನನಗನ್ನಿಸುವುದಿಲ್ಲ. ಲಂಚ ಕೇಳಿದವನನ್ನು ತರಾಟೆಗೆ ತೆಗೆದುಕೊಳ್ಳುವವರು ಬೇಕು ಎನ್ನುವ ಮತದಾರನೇ, ಶಾಸಕನಾಗಿ ತನ್ನ ಊರಿಗೆ ರಸ್ತೆ, ಬೋರ್‌ವೆಲ್ ತರಬಲ್ಲವರು ಬೇರೆ ಎಂದು ಲೆಕ್ಕ ಹಾಕುತ್ತಾನೆ. ಗೆಲ್ಲುವವರಿಗೆ ಮತ ಹಾಕಬೇಕೆಂಬ ಈ ಲೆಕ್ಕಾಚಾರ ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪಾಗುವುದಿಲ್ಲ.

ಮಂಡ್ಯದ 2019ರ ಚುನಾವಣೆಯನ್ನು ಮಾತ್ರ ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಅಲ್ಲಿ ಪಕ್ಷೇತರ ಅಭ್ಯರ್ಥಿ ಗೆದ್ದರು. ಸುಮಲತಾ ಅಂಬರೀಶ್ ಎದುರು ನಿಂತವರು ಅಂದಿನ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ. ಚಿತ್ರವೊಂದರ ಸಮಾರಂಭದಲ್ಲಿ ತಂದೆ ಮಗನನ್ನು ವೇದಿಕೆಯಿಂದ ಕರೆದ 'ನಿಖಿಲ್ ಎಲ್ಲಿದ್ದೀಯಪ್ಪಾ' ಎಂಬ ಮಾತು ಆ ಚುನಾವಣೆಯ ಹೊತ್ತಿಗೆ ಮೀಮ್ ಆಗಿ ರಾಜ್ಯದ ಆಚೆಗೂ ಹರಡಿತು. ಕನ್ನಡ ಬಾರದವರೂ ಅದನ್ನು ಹುಡುಕಿ ನೋಡಿ ನಕ್ಕರು. ನಗುವುದಕ್ಕಾಗಿ ಹುಡುಕಿದ್ದೂ ಅಭ್ಯರ್ಥಿಯ ಹೆಸರಿನಲ್ಲಿಯೇ ದಾಖಲಾಗುತ್ತದೆ. ಸುಮಲತಾ 1.25 ಲಕ್ಷಕ್ಕೂ ಹೆಚ್ಚು ಅಂತರದಿಂದ ಗೆದ್ದರು. ಅವರ ಗೆಲುವಿನ ಹಿಂದೆ ಜಾಲತಾಣದ ಹುರುಪಿಗಿಂತ ಹೆಚ್ಚಾಗಿ ಮಂಡ್ಯದಲ್ಲಿ ಅಂಬರೀಶ್ ಅವರಿಗಿದ್ದ ನೆಲೆ, ಬಿಜೆಪಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟದ್ದು, ಮೈತ್ರಿಗೆ ಒಗ್ಗದ ಕಾಂಗ್ರೆಸ್ ಕಾರ್ಯಕರ್ತರು ಕೈಜೋಡಿಸಿದ್ದು ಇದ್ದವು. ಪಕ್ಷೇತರರೆಂಬ ಹಣೆಪಟ್ಟಿ ಇದ್ದರೂ ಅವರು ಮಂಡ್ಯಕ್ಕೆ ಹೊರಗಿನವರಾಗಿರಲಿಲ್ಲ.

ಹಾಗಾದರೆ ಈ ಸೇವೆಯನ್ನು ಬಳಸಲೇಬಾರದೇ ಎಂದರೆ, ಎತ್ತರದ ಗೆರೆಯನ್ನು ಬಿಟ್ಟು ಅದರ ಕೆಳಗಿರುವ ಭಾಗವನ್ನು ನೋಡಬೇಕೆಂಬುದು ನನ್ನ ಸಲಹೆ. ಪುಟವನ್ನು ಕೆಳಗೆ ಸರಿಸಿದರೆ ಸಂಬಂಧಿತ ಹುಡುಕಾಟಗಳ ಪಟ್ಟಿ ಸಿಗುತ್ತದೆ. ಅಭ್ಯರ್ಥಿಯ ಹೆಸರಿನ ಜೊತೆ ಜನ ಇನ್ನೇನನ್ನು ಹುಡುಕಿದರು ಎಂಬುದು ಅಲ್ಲಿದೆ, ಮತ್ತು ನನ್ನ ಅಂದಾಜಿನಲ್ಲಿ ಇಡೀ ಸೇವೆಯಲ್ಲಿ ಚುನಾವಣೆಗೆ ಎಲ್ಲಕ್ಕಿಂತ ಹೆಚ್ಚು ಪ್ರಯೋಜನಕ್ಕೆ ಬರುವ ಭಾಗ ಇದೇ. ಹೆಸರಿನ ಜೊತೆ ವಯಸ್ಸು, ಹೆಂಡತಿ, ಜಾತಿ, ಸಿನಿಮಾ, ಟ್ರೋಲ್ ಎಂಬ ಪದಗಳೇ ತುಂಬಿದ್ದರೆ ಅದು ಬರಿಯ ಕುತೂಹಲ. ಚಿಹ್ನೆ ಯಾವುದು, ಯಾವ ಕ್ಷೇತ್ರ, ಸಭೆ ಎಲ್ಲಿ, ಸ್ವಯಂಸೇವಕರಾಗುವುದು ಹೇಗೆ ಎಂಬ ಹುಡುಕಾಟಗಳು ಮೇಲೆ ಬರುತ್ತಿದ್ದರೆ ಅದು ಮತಕ್ಕೆ ಹತ್ತಿರವಾದ ಕುತೂಹಲ. ಪಕ್ಷೇತರರಿಗೆ ಚಿಹ್ನೆ ಸಿಗುವುದು ನಾಮಪತ್ರ ವಾಪಸು ಪಡೆಯುವ ಗಡುವು ಮುಗಿದ ಮೇಲೆ. ಸುಮಲತಾ ಅವರಿಗೆ ಸಿಕ್ಕ ಕಹಳೆ ಊದುವ ರೈತನ ಚಿಹ್ನೆಯನ್ನು, ಅದೇ ಹೆಸರಿನ ಬೇರೆ ಅಭ್ಯರ್ಥಿಗಳೂ ಮತಪಟ್ಟಿಯಲ್ಲಿದ್ದ ಆ ಚುನಾವಣೆಯಲ್ಲಿ, ಹಳ್ಳಿಹಳ್ಳಿಗೆ ತಿಳಿಸುವುದೇ ದೊಡ್ಡ ಕೆಲಸವಾಗಿತ್ತು. ಚಿಹ್ನೆಯನ್ನು ಹುಡುಕಿ ನೆನಪಿಟ್ಟುಕೊಳ್ಳುವವನು ಮತಯಂತ್ರದ ಮುಂದೆ ನಿಲ್ಲುವ ಇರಾದೆಯುಳ್ಳವನೇ ಇರಬೇಕು.

ಹುರುಪು ಎಷ್ಟು ಕಾಲ ನಿಂತಿತು ಎಂಬುದನ್ನು ತಿಳಿಯಲೂ ಟ್ರೆಂಡ್ಸ್ ಒಳ್ಳೆಯದು. ಒಂದು ಚರ್ಚೆಯ ಮರುದಿನ ಏರಿ ವಾರದಲ್ಲಿ ಬಿದ್ದುಹೋದ ಗೆರೆಗೂ, ಸುದ್ದಿಯೇ ಇಲ್ಲದ ವಾರಗಳಲ್ಲಿಯೂ ಕುಸಿಯದೆ ನಿಂತ ಗೆರೆಗೂ ವ್ಯತ್ಯಾಸವಿದೆ. ರಾನ್ ಪಾಲ್ ಅವರ ಬೆಂಬಲ ಎರಡನೆಯ ಬಗೆಯದಾಗಿತ್ತು ಎಂಬುದನ್ನು ಮುಂದಿನ ಚುನಾವಣೆ ತೋರಿಸಿತು. 2012ರಲ್ಲಿ ಅವರು ಅಯೋವಾದಲ್ಲಿ ಶೇ 21ರಷ್ಟು, ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಶೇ 23ರಷ್ಟು ಮತ ಪಡೆದರು. ಅಷ್ಟೇ ಅಲ್ಲ, ಕಾಕಸ್ ಮುಗಿದ ಮೇಲೆ ಪ್ರತಿನಿಧಿಗಳನ್ನು ಆರಿಸಲು ನಡೆಯುವ, ಸಾಮಾನ್ಯ ಮತದಾರರು ತಲೆಹಾಕದ ದೀರ್ಘ ಸಭೆಗಳಲ್ಲಿ ಅವರ ಬೆಂಬಲಿಗರು ಕೊನೆಯವರೆಗೂ ಕೂತರು. ಪರಿಣಾಮವಾಗಿ ಮತದಲ್ಲಿ ಮೂರನೆಯವರಾಗಿದ್ದ ಅಯೋವಾದಲ್ಲಿಯೇ 28 ಪ್ರತಿನಿಧಿಗಳ ಪೈಕಿ 22 ಮಂದಿ ಟ್ಯಾಂಪಾದ ಪಕ್ಷದ ಮಹಾಧಿವೇಶನದಲ್ಲಿ ಅವರ ಹೆಸರು ಹೇಳಿದರು. 2010ರಲ್ಲಿ ಅವರ ಮಗ ರ‍್ಯಾಂಡ್ ಪಾಲ್ ಕೆಂಟಕಿಯಿಂದ ಸೆನೆಟ್‌ಗೆ ಆಯ್ಕೆಯಾಗಿದ್ದರು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ತೀವ್ರತೆಯಲ್ಲಿ ಹೆಚ್ಚಿದ್ದ ಜನ ಎಲ್ಲಿ ಲೆಕ್ಕಕ್ಕೆ ಬರುತ್ತಾರೋ ಅಲ್ಲಿ ಬಂದರು. ಪ್ರತಿಯೊಬ್ಬರಿಗೂ ಒಂದೇ ಮತವಿದ್ದು, ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಅಂಥ ತೀವ್ರತೆಗೆ ಪ್ರತ್ಯೇಕ ಅಂಕವಿಲ್ಲ. ಅದು ಬೂತ್ ಮಟ್ಟದ ಕಾರ್ಯಕರ್ತರಾಗಿ, ಮತದಾರರ ಪಟ್ಟಿ ಹಿಡಿದು ಮನೆಮನೆ ಹತ್ತುವ ಕೆಲಸವಾಗಿ ಬದಲಾದರೆ ಮಾತ್ರ ಮತವಾಗುತ್ತದೆ. 2015ರ ದೆಹಲಿಯಲ್ಲಿ ಆಮ್ ಆದ್ಮಿ ಪಕ್ಷಕ್ಕೆ 67 ಸ್ಥಾನ ಬಂದುದರ ಹಿಂದೆ ಆ ಕೆಲಸವಿತ್ತು.

ಬಳಸುವವರಿಗೆ ಕೆಲವು ತಾಂತ್ರಿಕ ಮಾತುಗಳು. ಕನ್ನಡ ಲಿಪಿಯಲ್ಲಿ ಟೈಪಿಸಿದ ಹೆಸರು ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪಿಸಿದ ಅದೇ ಹೆಸರನ್ನು ಈ ಸೇವೆ ಎರಡು ಬೇರೆ ಪದಗಳೆಂದೇ ತಿಳಿಯುತ್ತದೆ. ಹೆಸರು ಟೈಪಿಸುವಾಗ ಕೆಳಗೆ 'ನಟ', 'ರಾಜಕಾರಣಿ' ಎಂಬ ವಿವರದೊಂದಿಗೆ ಬರುವ ವಿಷಯವನ್ನು ಆರಿಸಿಕೊಂಡರೆ ಎಲ್ಲ ಲಿಪಿಗಳ ಹುಡುಕಾಟವೂ ಒಟ್ಟಾಗುತ್ತದೆ. ಹೊಸ ಅಭ್ಯರ್ಥಿಗಳಿಗೆ ಅಂಥ ವಿಷಯ ಇನ್ನೂ ರೂಪುಗೊಂಡಿರುವುದಿಲ್ಲ, ಪ್ರಸಿದ್ಧರಿಗೆ ಇರುತ್ತದೆ. ಒಬ್ಬರನ್ನು ವಿಷಯವಾಗಿ, ಇನ್ನೊಬ್ಬರನ್ನು ಬರಿಯ ಪದವಾಗಿ ಹೋಲಿಸಿದ ಚಿತ್ರ ಯಾವ ಉಪಯೋಗಕ್ಕೂ ಬಾರದು. ಜಿಲ್ಲೆಯ ಮಟ್ಟದ ಸಣ್ಣ ಸ್ಪರ್ಧೆಗಳಲ್ಲಿ ಗೆರೆ 0 ಮತ್ತು 100ರ ನಡುವೆ ಗರಗಸದ ಹಲ್ಲಿನಂತೆ ಕುಣಿಯುತ್ತಿದ್ದರೆ ಅದರರ್ಥ ದತ್ತಾಂಶ ಸಾಲದು ಎಂದಷ್ಟೇ.

ಒಟ್ಟಿನಲ್ಲಿ, ಜನ ಯಾವಾಗ ಒಬ್ಬ ಅಭ್ಯರ್ಥಿಯತ್ತ ತಿರುಗಿ ನೋಡಿದರು, ಏನು ಕೇಳಿದರು ಎಂಬುದನ್ನು ತಿಳಿಯಬಯಸುವ ಪತ್ರಕರ್ತರಿಗೂ ಪ್ರಚಾರದಲ್ಲಿ ತೊಡಗಿದವರಿಗೂ ನಾನು ಗೂಗಲ್ ಟ್ರೆಂಡ್ಸ್ ಅನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಯಾರು ಗೆಲ್ಲುತ್ತಾರೆ ಎಂದು ತಿಳಿಯಬಯಸುವವರಿಗೆ ಮಾಡುವುದಿಲ್ಲ. ಯಾರಾದರೂ ಅಂಥ ಚಿತ್ರ ಕಳಿಸಿದರೆ ಅದರ ಕೊಂಡಿಯನ್ನು ಕೇಳಿ ಪಡೆಯಿರಿ. ಆರಿಸಿಕೊಂಡ ದೇಶ, ದಿನಾಂಕ, ಪದಗಳೆಲ್ಲ ಆ ವಿಳಾಸದಲ್ಲಿಯೇ ಇರುವುದರಿಂದ, ತೆರೆದ ಕೂಡಲೇ ಅವಧಿಯನ್ನು ಏಳು ದಿನದಿಂದ ಹನ್ನೆರಡು ತಿಂಗಳಿಗೂ, ಪ್ರದೇಶವನ್ನು ಜಗತ್ತಿನಿಂದ ರಾಜ್ಯಕ್ಕೂ ಬದಲಿಸಿ ನೋಡಬಹುದು. ಗೂಗಲ್ ಎಲ್ಲ ಹುಡುಕಾಟಗಳನ್ನೂ ಎಣಿಸದೆ ಅವುಗಳ ಮಾದರಿಯೊಂದನ್ನು ಮಾತ್ರ ತೆಗೆದುಕೊಳ್ಳುವುದರಿಂದ ಅಂಕಿಗಳು ಬೇರೆ ಬೇರೆ ದಿನ ತುಸು ಬೇರೆಯಾಗಿ ಬರುತ್ತವೆ. ಬರವಣಿಗೆಗೆ ಬಳಸುವುದಿದ್ದರೆ ದತ್ತಾಂಶದ ಕಡತವನ್ನು ಇಳಿಸಿಕೊಂಡು, ಇಳಿಸಿಕೊಂಡ ದಿನಾಂಕವನ್ನು ಅದರ ಮೇಲೆಯೇ ಬರೆದಿಡುವುದು ಒಳ್ಳೆಯದು.